ಕಿವಿ ಮೊದಲು, ಶಾಸ್ತ್ರ ಅದರ ಬೆನ್ನಿಗೆ: ಗೋಕಾಕ ಸೀಮೆಯಲ್ಲಿ ಸಂಗೀತ ಕಲಿಯುವ ಬಗೆ

ಮಿರಜದಿಂದ ಹೊರಟ ರೈಲು ಕುಡಚಿ, ರಾಯಬಾಗ, ಘಟಪ್ರಭಾ, ಗೋಕಾಕ ರೋಡ್ ದಾಟಿ ಬೆಳಗಾವಿಗೆ, ಅಲ್ಲಿಂದ ಲೋಂಡಾ ಮೇಲೆ ಧಾರವಾಡಕ್ಕೆ ಹೋಗುತ್ತದೆ. ಹಿಂದೂಸ್ತಾನಿ ಸಂಗೀತ ಕನ್ನಡ ನಾಡಿಗೆ ಇಳಿದು ಬಂದ ದಾರಿಗಳಲ್ಲಿ ಇದು ದೊಡ್ಡದು. ಅಬ್ದುಲ್ ಕರೀಂ ಖಾನರು ಮಿರಜದಲ್ಲಿ ನೆಲೆಸಿ ಧಾರವಾಡ, ಮೈಸೂರುಗಳಿಗೆ ಓಡಾಡಿದರು. ಅವರ ಶಿಷ್ಯ ಸವಾಯಿ ಗಂಧರ್ವರು ಕುಂದಗೋಳದವರು. ಗ್ವಾಲಿಯರ್ ಘರಾಣೆಯ ನೀಲಕಂಠಬುವಾ ಅವರಿಂದ ಪಂಚಾಕ್ಷರಿ ಗವಾಯಿಗಳು ಕಲಿತರು, ಮಲ್ಲಿಕಾರ್ಜುನ ಮನ್ಸೂರರೂ ಕಲಿತರು. ಹೀಗೆ ಒಂದು ತುದಿಗೆ ಮಿರಜ, ಇನ್ನೊಂದು ತುದಿಗೆ ಧಾರವಾಡ ಮತ್ತು ಗದಗ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳು ಇವೆರಡರ ನಡುವೆ ಬರುತ್ತವೆ.

ಎರಡೂ ತುದಿಯ ದೊಡ್ಡ ಹೆಸರುಗಳನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ನಡುವಿನ ಈ ಊರುಗಳಲ್ಲಿ ಇಂದು ಸಂಗೀತ ಕಲಿಯಲು ಕೂತ ಹುಡುಗ ಅಥವಾ ಹುಡುಗಿ ಏನನ್ನು ಮೊದಲು ಕಲಿಯಬೇಕು, ಯಾರಿಂದ, ಯಾವ ಕ್ರಮದಲ್ಲಿ ಎಂಬುದನ್ನು ಕೂತು ವಿಚಾರಿಸಿದ್ದು ಕಡಿಮೆ. ಸ್ವರ, ಥಾಟ್, ರಾಗಲಕ್ಷಣ, ತಾಳದ ಮಾತ್ರೆ, ಸ್ವರಲಿಪಿ ಇವೆಲ್ಲ ಶಾಸ್ತ್ರ. ಕೇಳಿದ ಸ್ವರವನ್ನು ಗುರುತಿಸುವುದು, ಹಾಡಿದ ಸ್ವರ ಸರಿಯಿದೆಯೋ ಇಲ್ಲವೋ ತಾನೇ ತಿಳಿಯುವುದು, ಸಮ್ ಎಲ್ಲಿ ಬಿತ್ತೆಂದು ಹಿಡಿಯುವುದು ಕಿವಿಯ ಕೆಲಸ. ಇವೆರಡೂ ಒಟ್ಟಿಗೆ ನಡೆಯಬೇಕು ಎಂದು ಎಲ್ಲರೂ ಹೇಳುತ್ತಾರೆ. ನಡೆಯುತ್ತಿರುವುದು ಬೇರೆ. ತರಗತಿಯಲ್ಲಿ ಶಾಸ್ತ್ರ ಬಾಯಿಪಾಠವಾಗುತ್ತದೆ, ಗುಡಿಯಲ್ಲಿ ಕಿವಿ ಬೆಳೆಯುತ್ತದೆ, ಒಂದಕ್ಕೊಂದು ಭೇಟಿಯೇ ಇಲ್ಲ.

ಕಿವಿಯಿಂದಲೇ ಆರಂಭಿಸುತ್ತೇನೆ. ಈ ಸೀಮೆಯ ಮಗುವಿನ ಕಿವಿ ಬರಿದಾಗಿ ಯಾವ ಮಾಸ್ತರರ ಎದುರೂ ಬರುವುದಿಲ್ಲ. ಹಳ್ಳಿಹಳ್ಳಿಗೆ ಭಜನಿ ಮೇಳಗಳಿವೆ. ತತ್ವಪದ, ವಚನ, ದಾಸರ ಪದಗಳು ಪೇಟಿ, ತಬಲಾ, ತಾಳಗಳ ಜೊತೆ ರಾತ್ರಿ ಹೊತ್ತು ಕೇಳಿಸುತ್ತವೆ. ಮೊಹರಮ್ಮಿಗೆ ರಿವಾಯತ್ ಪದಗಳಿವೆ. ಡೊಳ್ಳಿನ ಪದದಲ್ಲಿ ಹರದೇಶಿ, ನಾಗೇಶಿ ಎಂದು ಎರಡು ಮೇಳ ಕಟ್ಟಿಕೊಂಡು, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಬೆಳತನಕ ಹಾಡಿನಲ್ಲೇ ವಾದಿಸುತ್ತಾರೆ. ಗೀಗಿ ಮೇಳದವರು ಪಲ್ಲ, ನುಡಿ, ಚಾಲ, ಏರು, ಇಳುವು ಎಂದು ಹಾಡಿನ ಭಾಗಗಳಿಗೆ ತಮ್ಮದೇ ಹೆಸರಿಟ್ಟುಕೊಂಡಿದ್ದಾರೆ. ಎಲ್ಲಿ ಧಾಟಿ ಬದಲಾಗಬೇಕು, ಎಲ್ಲಿ ಲಯ ಏರಬೇಕು, ಎಲ್ಲಿ ಮರಳಿ ಪಲ್ಲಕ್ಕೆ ಕೂಡಬೇಕು ಎಂಬ ಲೆಕ್ಕ ಅವರಲ್ಲಿ ಖಚಿತವಾಗಿದೆ. ಇದೂ ಶಾಸ್ತ್ರವೇ. ಪುಸ್ತಕಕ್ಕೆ ಬಾರದ ಮಾತ್ರಕ್ಕೆ ಇದನ್ನು ಶಾಸ್ತ್ರವಲ್ಲ ಎನ್ನುವುದು ಅನ್ಯಾಯ.

ಎಲ್ಲಕ್ಕಿಂತ ಮುಖ್ಯವಾಗಿ ಈ ನೆಲ ಶ್ರೀಕೃಷ್ಣ ಪಾರಿಜಾತದ ನೆಲ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಆಟವನ್ನು ಬೆಳೆಸಿ ಜನಪ್ರಿಯ ಮಾಡಿದ ಕುಲಗೋಡ ತಮ್ಮಣ್ಣ ಹಳೆಯ ಗೋಕಾಕ ತಾಲ್ಲೂಕಿನ ಕುಲಗೋಡದವನು. ಪಾರಿಜಾತಕ್ಕೆ ದೊಡ್ಡ ಹೆಸರು ತಂದ ಕೌಜಲಗಿ ನಿಂಗಮ್ಮ ಅದೇ ಸೀಮೆಯ ಕೌಜಲಗಿಯವಳು. ನಾರದ ತಂದ ಒಂದು ಹೂವು ರುಕ್ಮಿಣಿಯ ಪಾಲಾಗಿ ಸತ್ಯಭಾಮೆ ಮುನಿಸಿಕೊಳ್ಳುವ ಸಣ್ಣ ಕಥೆ ಅದು. ಆ ಕಥೆಯನ್ನು ರಾತ್ರಿಯಿಡೀ ಹಿಡಿದು ನಿಲ್ಲಿಸುವುದು ಸಂಗೀತ. ಪಾತ್ರಧಾರಿ ಒಂದು ಸಾಲು ಹಾಡಿದರೆ ಹಿಮ್ಮೇಳ ಅದನ್ನು ಎತ್ತಿಕೊಳ್ಳಬೇಕು, ಭಾಗವತ ಮಾತಿನ ನಡುವಿನಿಂದ ಮತ್ತೆ ಪದಕ್ಕೆ ತರಬೇಕು, ಪೇಟಿಯವನು ಸ್ವರ ಬಿಡದಂತೆ ಹಿಂದೆಯೇ ಇರಬೇಕು. ಕೇಳಿದ್ದನ್ನು ಕೇಳಿದ ಕೂಡಲೇ ಅದೇ ಸ್ವರದಲ್ಲಿ ಮರಳಿಸುವುದು ಹಿಮ್ಮೇಳದ ಹುಡುಗರ ದಿನದ ರೂಢಿ. ಪಟ್ಟಣದ ಸಂಗೀತ ಶಾಲೆಗಳಲ್ಲಿ ಕಿವಿ ಪಳಗಿಸಲು ಕೊಡುವ ಮೊದಲ ಪಾಠವೂ ಇದೇ ಆಗಿರುತ್ತದೆ.

ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ತಮ್ಮ ಪದ್ಯಗಳನ್ನು ಹಾಡಿಯೇ ಓದುತ್ತಾರೆ ಎಂಬುದನ್ನು ಕೇಳಿದವರೆಲ್ಲ ಬಲ್ಲರು. ಗೋಕಾಕ ತಾಲ್ಲೂಕಿನ ಬೆಟಗೇರಿಯ ಆನಂದಕಂದರ ಕವಿತೆಗಳಲ್ಲಿ ಬೀಸುವ, ಕುಟ್ಟುವ ಪದಗಳ ಲಯವಿದೆ. ಈ ಕವಿಗಳ ಕಿವಿಯನ್ನು ಪಳಗಿಸಿದ್ದು ಊರು. ಅದೇ ಊರಿನಲ್ಲಿ ಸಂಗೀತಕ್ಕೆ ಕೂತ ಮಗುವಿಗೆ ಮಾತ್ರ ನಾವು ಮೊದಲ ದಿನ, ಇದುವರೆಗೆ ನೀನು ಕೇಳಿದ್ದು ಲೆಕ್ಕಕ್ಕಿಲ್ಲ ಎಂಬಂತೆ ಸಾ ರೀ ಗಾ ಮಾ ಬರೆಸುತ್ತೇವೆ.

ಹಾಗಂತ ಭಜನಿ ಮೇಳದ ಕಿವಿ ಸಾಕು ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಬೆಳೆಯದೆ ಉಳಿಯುವ ಒಂದು ಭಾಗವಿದೆ, ಅದು ಶ್ರುತಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಆರಂಭದವರ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹೊರಡುತ್ತವೆ.

ನಮ್ಮ ಕಡೆ ಸಂಗೀತ ಕಲಿಯುವುದೆಂದರೆ ಪೇಟಿ ಮುಂದೆ ಕೂರುವುದು. ಕಾಳಿ ಒಂದೋ ಕಾಳಿ ಎರಡೋ ಹಿಡಿದು, ಒಂದೊಂದು ಪಟ್ಟಿ ಒತ್ತಿ, ಬಂದ ಸ್ವರಕ್ಕೆ ಕೊರಳು ಕೂಡಿಸುವುದು. ಪೇಟಿ ಸುಲಭ, ಬೇಗ ಕೈಗೆ ಬರುತ್ತದೆ, ಹತ್ತು ಜನರ ಭಜನೆಯಲ್ಲೂ ಕೇಳಿಸುತ್ತದೆ. ಆದರೆ ಅದರಲ್ಲಿ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿ ಇಟ್ಟಿದ್ದಾರೆ. ತಂಬೂರಿಯ ಸ್ವರ ಆ ಪಾಲಿಗೆ ಹೊಂದುವುದಿಲ್ಲ. ಲೆಕ್ಕಕ್ಕೆ ಸುಲಭವಾಗಲೆಂದು ಷಡ್ಜ ಸೆಕೆಂಡಿಗೆ 240 ಕಂಪನ ಎಂದಿಟ್ಟುಕೊಳ್ಳಿ. ಶುದ್ಧವಾಗಿ ಕೂಡುವ ಪಂಚಮ ಅದರ ಒಂದೂವರೆ ಪಟ್ಟು, ಅಂದರೆ 360. ಪೇಟಿಯ ಪಂಚಮ 359.6, ಕಿವಿಗೆ ವ್ಯತ್ಯಾಸ ತಿಳಿಯುವುದೇ ಕಷ್ಟ. ಗಾಂಧಾರಕ್ಕೆ ಬನ್ನಿ. ಷಡ್ಜಕ್ಕೆ ಒಪ್ಪುವ ಗಾಂಧಾರ ಅದರ ಒಂದೂಕಾಲು ಪಟ್ಟು, 300. ಪೇಟಿ ಕೊಡುವುದು 302.4. ಧೈವತ 400 ಆಗಬೇಕಾದಲ್ಲಿ ಪೇಟಿಯದು 403 ದಾಟುತ್ತದೆ. 300 ಮತ್ತು 302.4 ಒಟ್ಟಿಗೆ ನುಡಿದರೆ ಸೆಕೆಂಡಿಗೆ ಎರಡು ಸಲಕ್ಕಿಂತ ಹೆಚ್ಚು ಅಲೆ ಏಳುತ್ತದೆ, ದನಿ ನಡುಗಿದಂತೆ ಕೇಳುತ್ತದೆ. ಪೇಟಿಯಲ್ಲಷ್ಟೇ ಬೆಳೆದ ಕಿವಿಗೆ ಈ ನಡುಕವೇ ಸಹಜ. ಮುಂದೆ ತಂಬೂರಿಯ ಜೊತೆ ಕೂತಾಗ ತನ್ನ ಗಾಂಧಾರ ಏಕೆ ಕೂಡುತ್ತಿಲ್ಲ ಎಂದು ಹುಡುಗ ಕಂಗಾಲಾಗುತ್ತಾನೆ.

ಈ ಜಗಳ ಹೊಸದಲ್ಲ. ನಮ್ಮ ನೆರೆಯಲ್ಲೇ, ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲ್ ಅವರು ಇಪ್ಪತ್ತೆರಡು ಶ್ರುತಿಗಳ ಬಗ್ಗೆ 1910ರಲ್ಲಿ ಪುಸ್ತಕ ಬರೆದರು. ನ್ಯಾಯಾಧೀಶರಾಗಿದ್ದ ಕ್ಲೆಮೆಂಟ್ಸ್ ಎಂಬ ಇಂಗ್ಲಿಷ್ ಅಧಿಕಾರಿಯೊಂದಿಗೆ ಸೇರಿ ಶ್ರುತಿ ಹಾರ್ಮೋನಿಯಂ ಮಾಡಿಸಲು ಹೊರಟರು. ಅವರ ಪ್ರಯೋಗಗಳಿಗೆ ಸ್ವರ ಕೊಟ್ಟವರು ಅಬ್ದುಲ್ ಕರೀಂ ಖಾನರು. ಆಕಾಶವಾಣಿಯಂತೂ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟು 1971ರ ತನಕ ಒಳಗೆ ಬಿಡಲಿಲ್ಲ. ಆ ನಿಷೇಧ ಅತಿಯಾಯಿತೆಂದು ನನಗನ್ನಿಸುತ್ತದೆ. ಬೆಳಗಾವಿಯ ರಾಂಭಾವು ವಿಜಾಪುರೆಯವರು (1917–2010) ಅದೇ ಪೇಟಿಯಲ್ಲಿ ದೊಡ್ಡ ದೊಡ್ಡ ಗಾಯಕರಿಗೆ ಸಾಥ್ ಕೊಟ್ಟರು, ಏಕವಾದನ ನುಡಿಸಿದರು, ತಲೆಮಾರುಗಟ್ಟಲೆ ಶಿಷ್ಯರನ್ನು ತಯಾರು ಮಾಡಿದರು. ಪಳಗಿದ ಕಿವಿ ಇದ್ದವನ ಕೈಯಲ್ಲಿ ಪೇಟಿ ಒಳ್ಳೆಯ ಸಂಗಾತಿ. ಕಿವಿ ಇನ್ನೂ ಪಳಗಬೇಕಾದವನಿಗೆ ಅದೊಂದೇ ಗುರುವಾಗಬಾರದು, ಅಷ್ಟೇ.

ಮದ್ದು ದೂರವಿಲ್ಲ. ದೇಶದ ಉತ್ತಮ ತಂಬೂರಿಗಳು ತಯಾರಾಗುವುದು ಮಿರಜದಲ್ಲಿ. ಅಲ್ಲಿಯ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ಘಟಪ್ರಭಾದಲ್ಲಿ ರೈಲು ಹತ್ತಿದರೆ ನೇರವಾಗಿ ಅಲ್ಲಿಗೇ ಇಳಿಯಬಹುದು. ಕುಂಬಳದ ಬುರುಡೆಯ ಆ ವಾದ್ಯದಲ್ಲಿ ನಾಲ್ಕು ತಂತಿ: ಪಂಚಮ, ಜೋಡಿ ಷಡ್ಜ, ಖರಜ. ಕುದುರೆಯ ಮೇಲೆ ತಂತಿಯ ಕೆಳಗೆ ನೂಲೆಳೆ ಸರಿಸಿ ಜವಾರಿ ಕೂಡಿಸಿದಾಗ ಒಂದೊಂದು ತಂತಿಯೊಳಗಿಂದ ಮೇಲಿನ ಸ್ವರಗಳು ಬಿಚ್ಚಿಕೊಳ್ಳುತ್ತವೆ. ಖರಜದ ತಂತಿಯಿಂದ ಯಾರೂ ಮೀಟದ ಗಾಂಧಾರವೊಂದು ಏಳುತ್ತದೆ. ಹಿರಿಯರು ಅದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಆ ಗಾಂಧಾರ ಕೇಳಿಸಿತೋ ಇಲ್ಲವೋ ಎಂಬುದೇ ಆರಂಭದವರಿಗೆ ಮೊದಲ ಪರೀಕ್ಷೆಯಾಗಬೇಕು. ಕೇಳಿಸಿದ ದಿನ ಮೇಲೆ ಹೇಳಿದ 300, 302ರ ಲೆಕ್ಕವನ್ನು ವಿವರಿಸಿದರೆ ಹತ್ತು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಅದಕ್ಕೆ ಮೊದಲು ವಿವರಿಸಿದರೆ ದೊಡ್ಡವರಿಗೂ ಆಗುವುದಿಲ್ಲ. ಶಾಸ್ತ್ರ ಕಿವಿಯ ಬೆನ್ನಿಗೆ ಬರಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿ.

ತಂಬೂರಿ ಕೊಳ್ಳುವುದು ಎಲ್ಲರಿಗೂ ಆಗದ ಮಾತು. ಮೊಬೈಲಿನಲ್ಲಿ ಪುಕ್ಕಟೆ ತಂಬೂರಿಗಳಿವೆ, ಅವನ್ನು ಧಾರಾಳವಾಗಿ ಬಳಸಬೇಕು. ಆದರೆ ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಖರಜದ ತಳ ಕೇಳುವುದಿಲ್ಲ, ತೆಳುವಾದ ಮೇಲಿನ ಪದರವಷ್ಟೇ ಕೇಳುತ್ತದೆ. ಒಂದು ಚಿಕ್ಕ ಸ್ಪೀಕರ್ ಜೋಡಿಸಿಕೊಂಡರೆ ಸಾಧನೆಯ ಗುಣವೇ ಬದಲಾಗುತ್ತದೆ. ಶ್ರುತಿ ಸರಿಯಿದೆಯೋ ಎಂದು ಮುಳ್ಳು ತೋರಿಸುವ ಆ್ಯಪ್‌ಗಳ ವಿಷಯದಲ್ಲಿ ನನಗೆ ಅಷ್ಟು ಉತ್ಸಾಹವಿಲ್ಲ. ವಾರಕ್ಕೊಮ್ಮೆ ನೋಡಿಕೊಳ್ಳಲು ಅವು ಒಳ್ಳೆಯವು. ದಿನವೂ ಮುಳ್ಳನ್ನೇ ನೋಡುತ್ತ ಹಾಡಿದರೆ ಪಳಗುವುದು ಕಣ್ಣು.

ಇನ್ನೊಂದು ಸಂಗತಿ ಹುಡುಗಿಯರಿಗೆ ಸಂಬಂಧಿಸಿದ್ದು. ಗಂಡಸರ ಕೊರಳಿಗೆ ಒಗ್ಗುವ ಪಟ್ಟಿ ಸಾಮಾನ್ಯವಾಗಿ ಕಾಳಿ ಒಂದು, ಕಾಳಿ ಎರಡರ ಆಸುಪಾಸು. ಹೆಂಗಸರದು ಕಾಳಿ ನಾಲ್ಕು, ಕಾಳಿ ಐದರ ಹತ್ತಿರ. ಭಜನೆಯಲ್ಲಿ ಪೇಟಿ ಗಂಡಸರ ಕೈಯಲ್ಲಿರುವುದರಿಂದ ಪಟ್ಟಿಯೂ ಅವರದೇ. ಹುಡುಗಿ ಒಂದೋ ಕೆಳಗೆ ಇಳಿದು ದನಿ ಅಡಗಿಸಿ ಹಾಡಬೇಕು, ಇಲ್ಲವೇ ಮೇಲಿನ ಸಪ್ತಕಕ್ಕೆ ಏರಿ ಚೀರಬೇಕು. ಎರಡರಲ್ಲೂ ಕೊರಳು ಕೆಡುತ್ತದೆ. 'ನಿನ್ನ ಸೂರ ಕೂಡವಲ್ದವ್ವ' ಎಂದು ಹೇಳಿಸಿಕೊಂಡು ಅವಳು ಹಿಂದೆ ಸರಿಯುತ್ತಾಳೆ. ತಪ್ಪು ಅವಳ ಕಿವಿಯಲ್ಲಿಲ್ಲ, ಪೇಟಿಯ ಮೇಲೆ ಬೆರಳಿಟ್ಟವನ ಅವಸರದಲ್ಲಿದೆ. ಪ್ರತಿ ಕೊರಳಿಗೂ ಅದರ ಷಡ್ಜ ಹುಡುಕಿ ಕೊಡುವುದು ಶಿಕ್ಷಕರ ಮೊದಲ ಕರ್ತವ್ಯ. ನಮ್ಮ ಪದ್ಧತಿಯಲ್ಲಿ ಷಡ್ಜ ಎಲ್ಲಿ ಬೇಕಾದರೂ ನಿಲ್ಲಬಹುದು. ಇಷ್ಟು ಉದಾರವಾದ ಪದ್ಧತಿಯಲ್ಲಿ ಒಬ್ಬರ ಪಟ್ಟಿಯನ್ನು ಎಲ್ಲರ ಮೇಲೂ ಹೇರುವುದಕ್ಕೆ ಯಾವ ಕಾರಣವೂ ಇಲ್ಲ.

ಈಗ ಪರೀಕ್ಷೆಗಳು. ಈ ಭಾಗದ ಸಂಗೀತ ತರಗತಿಗಳ ಮುಂದೆ ಎರಡು ಏಣಿಗಳಿವೆ. ಒಂದು ಕರ್ನಾಟಕದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳದು. ಇನ್ನೊಂದು ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಳದ್ದು: ಪ್ರಾರಂಭಿಕದಿಂದ ಪ್ರವೇಶಿಕಾ, ಮಧ್ಯಮಾ, ವಿಶಾರದ, ಅಲಂಕಾರದವರೆಗೆ. ಈ ಎರಡನೆಯದರ ಮೂಲಪುರುಷ ವಿಷ್ಣು ದಿಗಂಬರ ಪಲುಸ್ಕರರು ಕುರುಂದವಾಡದವರು, ಮಿರಜದಲ್ಲಿ ಇಚಲಕರಂಜಿಯ ಬಾಳಕೃಷ್ಣಬುವಾ ಅವರಲ್ಲಿ ಕಲಿತವರು. 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಯಾರಾದರೂ ಶುಲ್ಕ ಕೊಟ್ಟು ಸಂಗೀತ ಕಲಿಯಬಹುದು, ಅದಕ್ಕೊಂದು ಪಠ್ಯವಿರಬಹುದು ಎಂಬುದು ಅಂದು ದೊಡ್ಡ ಕ್ರಾಂತಿ. ಗುರುವಿನ ಮನೆ ಹೊಕ್ಕು ವರ್ಷಗಟ್ಟಲೆ ಸೇವೆ ಮಾಡಲಾಗದವರಿಗೆ, ಅದರಲ್ಲೂ ಮಧ್ಯಮ ವರ್ಗದ ಹೆಣ್ಣುಮಕ್ಕಳಿಗೆ, ಬಾಗಿಲು ತೆರೆದದ್ದು ಈ ಪಠ್ಯ ಮತ್ತು ಪರೀಕ್ಷೆಗಳು. ಆದ್ದರಿಂದ ಪರೀಕ್ಷೆಯನ್ನು ಸಾರಾಸಗಟಾಗಿ ಬೈಯುವವರ ಜೊತೆ ನಾನಿಲ್ಲ.

ದೂರು ಇರುವುದು ಓದಿಸುವ ರೀತಿಯ ಮೇಲೆ. ಭೂಪ್ ರಾಗದ ಲಕ್ಷಣ ಬರೆ ಎಂದರೆ ಮಗು ಒಂದೇ ಉಸಿರಿನಲ್ಲಿ ಬರೆಯುತ್ತದೆ: ಕಲ್ಯಾಣ ಥಾಟ್, ಮಧ್ಯಮ ನಿಷಾದ ವರ್ಜ್ಯ, ವಾದಿ ಗಾಂಧಾರ, ಸಂವಾದಿ ಧೈವತ, ರಾತ್ರಿಯ ಮೊದಲ ಪ್ರಹರ. ಅದೇ ಐದು ಸ್ವರಗಳ ಇನ್ನೊಂದು ರಾಗ ದೇಶಕಾರ. ವಾದಿ ಧೈವತ, ಬೆಳಗಿನ ರಾಗ. ಕಾಗದದ ಮೇಲೆ ವ್ಯತ್ಯಾಸ ಒಂದೆರಡು ಮಾತಿನದು. ಹಾಡಿದಾಗ ಎರಡೂ ಬೇರೆಯೇ ಲೋಕ. ಭೂಪ್ ಗಾಂಧಾರಕ್ಕೆ ಮರಳಿ ಮರಳಿ ಬಂದು ಕೆಳಗೆ ತೂಗುತ್ತದೆ, ದೇಶಕಾರ ಮೇಲಿನ ಧೈವತದಲ್ಲೇ ನಿಂತು ಮಾತಾಡುತ್ತದೆ. ಎರಡನ್ನೂ ಅಕ್ಕಪಕ್ಕ ಹಾಡಿ ಕೇಳಿಸಿ, ಯಾವ ಸ್ವರ ಹೆಚ್ಚು ಸಲ ಬಂತು, ಹಾಡು ಎಲ್ಲಿ ಉಸಿರು ತೆಗೆದುಕೊಂಡಿತು ಎಂದು ಕೇಳಿ. ಮಗು ತಾನಾಗಿ ಹೇಳಿದ ಮೇಲೆ, ಅದಕ್ಕೆ ವಾದಿ ಎನ್ನುತ್ತಾರೆ ಎಂದರೆ ಸಾಕು. ಆ ವ್ಯಾಖ್ಯೆ ಮುಂದೆ ಮರೆಯುವುದಿಲ್ಲ. ಪರೀಕ್ಷೆಯ ತಿಂಗಳು ಬಂತೆಂದು ಎಂಟು ರಾಗಗಳ ಲಕ್ಷಣ ನೋಟ್‌ಬುಕ್ಕಿನಿಂದ ಇಳಿಸಿಕೊಳ್ಳುವ ಪದ್ಧತಿಯಲ್ಲಿ ಇದಕ್ಕೆ ಹೊತ್ತು ಸಿಗುವುದಿಲ್ಲ.

ಥಾಟ್‌ಗಳ ವಿಷಯವೂ ಹೀಗೆಯೇ. ವಿಷ್ಣು ನಾರಾಯಣ ಭಾತಖಂಡೆಯವರು (1860–1936) ಊರೂರು ಅಲೆದು, ಉಸ್ತಾದರಿಂದ ಚೀಜುಗಳನ್ನು ಕೂಡಿಸಿ, ಅವನ್ನು ಕೇಳಿ ಕೇಳಿ ಹತ್ತು ಥಾಟ್‌ಗಳ ವಿಂಗಡಣೆ ಮಾಡಿದರು. ಕೇಳುವಿಕೆಯಿಂದ ಹುಟ್ಟಿದ ಶಾಸ್ತ್ರ ಅದು. ಬಿಲಾವಲ್, ಕಲ್ಯಾಣ, ಖಮಾಜ್ ಎಂದು ಹತ್ತರ ಪಟ್ಟಿ ಒಪ್ಪಿಸುವ ಮಕ್ಕಳಿಗೆ ಆ ದುಡಿಮೆಯ ವಾಸನೆಯಾದರೂ ತಾಗಬೇಕು. ಅವರ ಕ್ರಮಿಕ ಪುಸ್ತಕಗಳ ಆರು ಭಾಗಗಳು ಮೊದಲು ಬಂದದ್ದು ಮರಾಠಿಯಲ್ಲಿ. ಸಂಕೇಶ್ವರ, ಹುಕ್ಕೇರಿ ಕಡೆಯ ಎಷ್ಟೋ ಮನೆಗಳಲ್ಲಿ ಮರಾಠಿ ಓದಬಲ್ಲವರಿದ್ದಾರೆ, ಇದು ಗಡಿಯ ಊರುಗಳಿಗೆ ಸಿಕ್ಕ ಒಂದು ಅನುಕೂಲ.

ಸ್ವರಲಿಪಿಯಲ್ಲಿ ಆರಂಭದವರು ಎಡವುವ ಒಂದು ಕಲ್ಲನ್ನು ಇಲ್ಲಿಯೇ ತೋರಿಸಿಬಿಡಬೇಕು. ಭಾತಖಂಡೆ ಲಿಪಿಯಲ್ಲಿ ಸ್ವರದ ಮೇಲೆ ಚುಕ್ಕೆ ಇದ್ದರೆ ತಾರ ಸಪ್ತಕ, ಕೆಳಗಿದ್ದರೆ ಮಂದ್ರ. ಪಲುಸ್ಕರ್ ಲಿಪಿಯಲ್ಲಿ ಮೇಲಿನ ಚುಕ್ಕೆ ಮಂದ್ರವನ್ನು ತೋರಿಸುತ್ತದೆ, ತಾರಕ್ಕೆ ಮೇಲೆ ನಿಂತ ಗೆರೆ. ಒಂದೇ ಪದವನ್ನು ಎರಡು ಪುಸ್ತಕಗಳಿಂದ ಕಲಿಯುವವರಿಗೆ ಇದನ್ನು ಯಾರೂ ಹೇಳದಿದ್ದರೆ ಗೊಂದಲವೋ ಗೊಂದಲ. ಯಾವುದಾದರೂ ಒಂದು ಲಿಪಿಯನ್ನು ಹಿಡಿದು ಎರಡು ವರ್ಷ ಬಿಡದಿರುವುದು ಒಳ್ಳೆಯದು. ಭಾತಖಂಡೆಯದು ಸರಳ ಎಂಬುದು ನನ್ನ ಅಭಿಪ್ರಾಯ.

ತಾಳದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅದರಲ್ಲಿ ಈ ಸೀಮೆ ಗಟ್ಟಿ. ಎಂಟು ಮಾತ್ರೆಯ ಭಜನಿ ಠೇಕಾ, ಕೆಹರ್ವಾ, ಆರರ ದಾದ್ರಾ ಹುಡುಗರ ಕೈಯಲ್ಲಿವೆ. ಏಳರ ರೂಪಕ ಖಾಲಿಯಿಂದ ಶುರುವಾಗುತ್ತದೆ ಎಂಬಲ್ಲಿ, ಹದಿನಾಲ್ಕರ ದೀಪಚಂದಿಯಲ್ಲಿ, ವಿಲಂಬಿತ ಏಕತಾಳದಲ್ಲಿ ಮಾತ್ರ ಅವರು ತಡವರಿಸುತ್ತಾರೆ. ಬೋಲ್ ಬಾಯಲ್ಲಿ ಹೇಳುತ್ತ, ಕೈಯಲ್ಲಿ ತಾಳ, ಖಾಲಿ ತೋರಿಸುತ್ತ, ಕೇಳಿದ ಹಾಡಿನ ಸಮ್ ಹಿಡಿಯುವ ಅಭ್ಯಾಸ ಮಾಡಿದರೆ ಆರು ತಿಂಗಳಲ್ಲಿ ಇದು ಕೂಡಿಬರುತ್ತದೆ.

ರಸಮಂಜರಿ ಕಾರ್ಯಕ್ರಮಗಳಿಗೆ ಕೀಬೋರ್ಡ್ ನುಡಿಸಲು ಹೊರಟ ಯುವಕರದು ಬೇರೆ ಕಥೆ. ಅವರಿಗೆ ಪಾಶ್ಚಾತ್ಯ ಪದ್ಧತಿಯ ಸ್ವರಗುಚ್ಛ, ಅಂದರೆ ಕಾರ್ಡ್‌ಗಳು ಬೇಕು. ಮೇಜರ್, ಮೈನರ್ ಸ್ಕೇಲುಗಳ ಹೆಸರು ಬೇಕು. ಸಂಗೀತ ಮಾಸ್ತರರಲ್ಲಿ ಹಲವರು ಇದನ್ನು ಕೀಳಾಗಿ ನೋಡುತ್ತಾರೆ, ಅದು ಸರಿಯಲ್ಲ. ಮೇಜರ್ ಸ್ಕೇಲ್ ಎಂದರೆ ನಮ್ಮ ಬಿಲಾವಲ್ ಥಾಟ್, ದಕ್ಷಿಣದವರ ಶಂಕರಾಭರಣ. ಸಾ ಗಾ ಪಾ ಒಟ್ಟಿಗೆ ಒತ್ತಿದರೆ ಮೇಜರ್ ಕಾರ್ಡ್, ಗಾಂಧಾರ ಕೋಮಲ ಮಾಡಿದರೆ ಮೈನರ್. ಸರಿಗಮ ಬಲ್ಲವನಿಗೆ ಇದು ಒಂದು ಸಂಜೆಯ ಪಾಠ. ಕೀಬೋರ್ಡಿನಲ್ಲಿರುವ ಟ್ರಾನ್ಸ್‌ಪೋಸ್ ಗುಂಡಿ ಮಾತ್ರ ಕಲಿಯುವ ವಯಸ್ಸಿನಲ್ಲಿ ಮುಟ್ಟಬಾರದು. ಗಾಯಕ ಪಟ್ಟಿ ಬದಲಿಸಿದಾಗ ಬೆರಳುಗಳನ್ನು ತಾನೇ ಸರಿಸಿದವನು ಮಾತ್ರ ಸ್ವರಗಳ ನಡುವಿನ ಅಂತರವನ್ನು ನಿಜವಾಗಿ ಬಲ್ಲನು.

ಹಾಗಾದರೆ ಆರಂಭ ಎಲ್ಲಿಂದ? ಇದಕ್ಕೆ ಹೊರಗಿನ ಲೋಕದಲ್ಲೂ ಒಂದು ಒಳ್ಳೆಯ ಉತ್ತರವಿದೆ. ಹಂಗೇರಿಯ ಜೊಲ್ತಾನ್ ಕೊದಾಯ್ (1882–1967) ತಮ್ಮ ಗೆಳೆಯ ಬೇಲಾ ಬಾರ್ತೋಕ್ ಜೊತೆ ಹಳ್ಳಿಗಳನ್ನು ಸುತ್ತಿ ಜನಪದ ಹಾಡುಗಳನ್ನು ಕೂಡಿಸಿದರು. ಮಗುವಿನ ಸಂಗೀತ ಶಿಕ್ಷಣ ಅದರ ತಾಯ್ನುಡಿಯ ಹಾಡುಗಳಿಂದ, ಕೊರಳಿನಿಂದ ಆರಂಭವಾಗಬೇಕು; ಲಿಪಿ, ಲಕ್ಷಣಗಳು ಆಮೇಲೆ ಎಂಬುದು ಅವರ ನಿಲುವು. ಸ್ವರದ ಎತ್ತರ ಎಲ್ಲಿದ್ದರೂ ಆಧಾರ ಸ್ವರವನ್ನು ಒಂದೇ ಹೆಸರಿನಿಂದ ಕರೆಯುವ ಕ್ರಮವನ್ನು ಅವರು ಆರಿಸಿಕೊಂಡರು. ನಮ್ಮ ಷಡ್ಜ ಹಿಂದಿನಿಂದಲೂ ಹಾಗೆಯೇ ಇದೆ. ಕೊದಾಯ್ ತಮ್ಮ ದೇಶದಲ್ಲಿ ಕಟ್ಟಬೇಕಾಗಿ ಬಂದ ಅರ್ಧ ಏರ್ಪಾಟು ನಮಗೆ ಹುಟ್ಟಿನಿಂದ ಬಂದಿದೆ ಎಂದ ಹಾಗಾಯಿತು.

ಕೊದಾಯ್ ತನಕ ಹೋಗದೆ ಮನೆಯ ಉದಾಹರಣೆಯನ್ನೇ ನೋಡೋಣ. ಗೋಕಾಕ ರೋಡ್ ಬಿಟ್ಟು ಬೆಳಗಾವಿ ಕಡೆ ಹೋಗುವ ರೈಲು ಸುಳೇಭಾವಿಯನ್ನು ಹಾದು ಹೋಗುತ್ತದೆ. ಅಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಎಂಬ ಹುಡುಗ ಗ್ರಾಮೊಫೋನ್ ತಟ್ಟೆಗಳನ್ನು ಕೇಳಿ ದೊಡ್ಡ ದೊಡ್ಡ ಗಾಯಕರನ್ನು ಹಾಗೆಯೇ ಹಾಡಿ ತೋರಿಸುತ್ತಿದ್ದ. ಎಳೆಯ ವಯಸ್ಸಿಗೇ ಕುಮಾರ ಗಂಧರ್ವ ಎಂಬ ಬಿರುದು ಬಂತು. ಕೇಳಿದ್ದು ಕೇಳಿದಂತೆ ಕೊರಳಲ್ಲಿ ಇಳಿಯುವ ಕಿವಿ ಅದು. ಮುಂಬಯಿಯಲ್ಲಿ ಬಿ.ಆರ್. ದೇವಧರರ ಬಳಿ ಕ್ರಮವಾದ ಶಿಕ್ಷಣ ಆಮೇಲೆ ಬಂತು. ಇನ್ನೂ ಮುಂದೆ, ಕ್ಷಯರೋಗದಿಂದ ದೇವಾಸದಲ್ಲಿ ಮಲಗಿದ್ದ ವರ್ಷಗಳಲ್ಲಿ ಕಿಟಕಿಯಾಚೆಯ ಮಾಳವದ ಜನಪದ ಹಾಡುಗಳನ್ನು ಕೇಳುತ್ತ ಹೋದರು. ಆ ಧಾಟಿಗಳ ಒಳಗಿನಿಂದ ಮಾಲವತಿ, ಸಂಜಾರಿಯಂಥ ಹೊಸ ರಾಗಗಳನ್ನು ಎತ್ತಿದರು, ಅವಕ್ಕೆ ಧುನ್ ಉಗಮ ರಾಗಗಳೆಂದು ಹೆಸರಿಟ್ಟರು. ಕಿವಿ, ಆಮೇಲೆ ಶಾಸ್ತ್ರ, ಮತ್ತೆ ಕಿವಿ, ಮತ್ತೆ ಹೊಸ ಶಾಸ್ತ್ರ: ಅವರ ಇಡೀ ಬದುಕು ಈ ಕ್ರಮದಲ್ಲೇ ಸಾಗಿತು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು (1914–2010) ಕಣ್ಣಿಲ್ಲದ ಮಕ್ಕಳನ್ನು ಗಾಯಕ, ವಾದಕರನ್ನಾಗಿ ಮಾಡಿದ್ದೂ ಇದೇ ಕ್ರಮದಲ್ಲಿ. ಬರೆದುಕೊಳ್ಳುವ ಅವಕಾಶವೇ ಇಲ್ಲದಾಗ ಕಿವಿ ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದಕ್ಕೆ ಆ ಆಶ್ರಮದ ಶಿಷ್ಯರೇ ಸಾಕ್ಷಿ.

ಇಷ್ಟೆಲ್ಲ ನೋಡಿದ ಮೇಲೆ ಈ ಮೂರು ತಾಲ್ಲೂಕುಗಳ ಆರಂಭದ ವಿದ್ಯಾರ್ಥಿಗೆ ನಾನು ಸೂಚಿಸುವ ದಾರಿ ಇದು. ನಿಮ್ಮ ಮನೆಯಲ್ಲಿ, ಗುಡಿಯಲ್ಲಿ ದಿನವೂ ಕೇಳುವ ಒಂದು ಆರತಿ ಪದವನ್ನೋ ತತ್ವಪದವನ್ನೋ ತೆಗೆದುಕೊಳ್ಳಿ. ಪೇಟಿ ಮುಟ್ಟಬೇಡಿ. ಹಾಡಿ ಮುಗಿಸಿ, ಎಲ್ಲಿ ನಿಂತರೆ ಮನಸ್ಸಿಗೆ ಮುಗಿಯಿತು ಎನ್ನಿಸುತ್ತದೆಯೋ ಆ ಸ್ವರವನ್ನು ಹಿಡಿಯಿರಿ. ಹೆಚ್ಚಿನ ಪದಗಳಲ್ಲಿ ಅದೇ ನಿಮ್ಮ ಷಡ್ಜ. ತಂಬೂರಿಯನ್ನು ಅದಕ್ಕೆ ಹೊಂದಿಸಿ.

ಆಮೇಲೆ ಪಂಚಮ ಹುಡುಕಿ. ಇಲ್ಲಿ ಒಂದು ಎಚ್ಚರ ಬೇಕು. ಮಧ್ಯಮದಿಂದ ಮೇಲಿನ ಷಡ್ಜಕ್ಕೆ ಇರುವ ದೂರವೂ ಷಡ್ಜ–ಪಂಚಮದ ದೂರವೂ ಒಂದೇ ಆದ್ದರಿಂದ ಹೊಸಬರ ಕಿವಿ ಮಧ್ಯಮವನ್ನೇ ಷಡ್ಜ ಎಂದು ತಿಳಿದು ಜಾರಿಬಿಡುತ್ತದೆ. ತಂಬೂರಿ ನುಡಿಯುತ್ತಿದ್ದರೆ ಈ ಜಾರಿಕೆ ತಾನೇ ಗೊತ್ತಾಗುತ್ತದೆ. ಪಂಚಮ ನಿಂತ ಮೇಲೆ ಹಾಡಿನ ಮೊದಲ ಸಾಲಿನ ಒಂದೊಂದು ಅಕ್ಷರ ಷಡ್ಜದಿಂದ ಎಷ್ಟು ಮೇಲಿದೆ, ಕೆಳಗಿದೆ ಎಂದು ಏರಿ ಇಳಿದು ನೋಡಿ ಬರೆಯಿರಿ. ಜನಪದ ಹಾಡುಗಳು ಬಹುಮಟ್ಟಿಗೆ ನಾಲ್ಕೈದು ಸ್ವರಗಳ ಒಳಗೇ ಇರುತ್ತವೆ, ಹೆದರುವ ಕಾರಣವಿಲ್ಲ. ಗಾಂಧಾರ ಶುದ್ಧವೋ ಕೋಮಲವೋ ಎಂಬ ಸಂಶಯ ಬಂದಾಗ ಎರಡನ್ನೂ ಹಾಡಿ ನೋಡಿ. ಬರೆದು ಮುಗಿದ ಮೇಲಷ್ಟೇ ಪೇಟಿ ತೆರೆದು ಸರಿನೋಡಿ. ಕೊನೆಗೆ ಮಾಸ್ತರರ ಬಳಿ ಹೋಗಿ, ಈ ಸ್ವರಗಳಿರುವ ರಾಗ ಯಾವುದು ಎಂದು ಕೇಳಿ. ಅವರು ಕಾಫಿ ಎನ್ನಬಹುದು, ಭೈರವಿ ಎನ್ನಬಹುದು, ಇದು ಯಾವ ರಾಗಕ್ಕೂ ಪೂರ್ತಿ ಕೂಡುವುದಿಲ್ಲ ಎನ್ನಲೂಬಹುದು. ಮೂರನೆಯ ಉತ್ತರ ಬಂದರೆ ಹಿಗ್ಗಿ, ಏಕೆಂದರೆ ಶಾಸ್ತ್ರ ಇನ್ನೂ ಮುಟ್ಟದ ಒಂದು ಧಾಟಿ ನಿಮ್ಮ ಊರಿನಲ್ಲಿದೆ ಎಂದಾಯಿತು.

ತಿಂಗಳಿಗೆ ಒಂದು ಪದವನ್ನು ಹೀಗೆ ಬರೆದವನಿಗೆ ವರ್ಷದ ಕೊನೆಗೆ ಹನ್ನೆರಡು ಪದಗಳ ಸ್ವರಲಿಪಿ, ಶುದ್ಧ ಕೋಮಲಗಳ ಭೇದ, ಮೂರು ನಾಲ್ಕು ತಾಳಗಳ ಲೆಕ್ಕ, ಕೆಲವು ಥಾಟ್‌ಗಳ ಪರಿಚಯ ಇವೆಲ್ಲ ಒಟ್ಟಿಗೆ ಬಂದಿರುತ್ತವೆ. ಅಲಂಕಾರಗಳ ಸಾಧನೆ ಇದರ ಜೊತೆಗೇ ನಡೆಯಬೇಕು, ಅದಕ್ಕೆ ಬದಲಿ ಇಲ್ಲ. ಮುಂಜಾನೆ ಖರಜದ ಸಾಧನೆಗೆ ಇಪ್ಪತ್ತು ನಿಮಿಷ ಕೊಡುವವನು ವಾರಕ್ಕೊಮ್ಮೆ ಮೂರು ತಾಸು ಕೂರುವವನಿಗಿಂತ ಮುಂದೆ ಹೋಗುತ್ತಾನೆ. ಇದರ ಮೇಲೆ ಪರೀಕ್ಷೆಗೆ ಕೂತರೆ ಪ್ರಮಾಣಪತ್ರಕ್ಕೂ ಬೆಲೆ ಬರುತ್ತದೆ.

ಎಲ್ಲ ಸರಕಾರಿ ಪ್ರೌಢಶಾಲೆಗಳಲ್ಲಿ ಸಂಗೀತ ಶಿಕ್ಷಕರಿಲ್ಲ. ಆ ಹುದ್ದೆಗಳನ್ನು ತುಂಬಬೇಕೆಂದು ನಾವು ಕೇಳುತ್ತಲೇ ಇರಬೇಕು. ಆದರೆ ಅದಕ್ಕಾಗಿ ಕಾಯದೆ ಮಾಡಬಹುದಾದ ಕೆಲಸ ಭಜನಿ ಮೇಳಗಳ ಕೈಯಲ್ಲಿದೆ. ಮೇಳದ ಹಿರಿಯರಲ್ಲಿ, ಪಾರಿಜಾತದ ಕಲಾವಿದರಲ್ಲಿ, ತರಗತಿ ನಡೆಸುವ ಗುರುಗಳಲ್ಲಿ ನನ್ನ ಬೇಡಿಕೆ ಇಷ್ಟೇ. ವಾರಕ್ಕೊಂದು ದಿನ ಭಜನೆಗೆ ಮೊದಲು ಕಾಲು ತಾಸು ಪೇಟಿ ಮುಚ್ಚಿಟ್ಟು ತಂಬೂರಿಯ ಮೇಲೆ ಮಕ್ಕಳಿಂದ ಸಾ ಹಚ್ಚಿಸಿ. ಹುಡುಗಿಯರಿಗೆ ಅವರ ಪಟ್ಟಿಯಲ್ಲಿ ಹಾಡಲು ಒಂದೆರಡು ಪದ ಬಿಟ್ಟುಕೊಡಿ. ನಿಮ್ಮ ಮೇಳದ ಹಳೆಯ ಚಾಲಗಳನ್ನು ಸ್ವರಲಿಪಿಯಲ್ಲಿ ಬರೆಯುವ ಕೆಲಸವನ್ನು ಕಲಿಯುತ್ತಿರುವ ಮಕ್ಕಳಿಗೇ ವಹಿಸಿ, ಬರೆದ ವಹಿಯನ್ನು ಊರಿನ ಗ್ರಂಥಾಲಯದಲ್ಲಿ ಇಡಿಸಿ.